ಗುರುತಿಲ್ಲದವರಿಂದ ಬಂದ ಕಾರ್ಡುಗಳು

ನಿಮ್ಮ ಹವ್ಯಾಸ ಏನು ಎಂದು ಯಾರಾದರೂ ಕೇಳಿದರೆ, “ಗುರುತು ಪರಿಚಯ ಇಲ್ಲದವರಿಗೆ ಪೋಸ್ಟ್‌ಕಾರ್ಡ್ ಬರೆಯೋದು” ಎನ್ನುತ್ತೇನೆ. ಕೇಳಿದವರು ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ಆಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ವಾಟ್ಸಾಪ್ ಇರುವಾಗ ಇದ್ಯಾಕ್ರೀ?” ಪುಣೆಯ ಕನ್ನಡ ಬಳಗದಲ್ಲಿ ಈ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ಈ ಸಲ ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಎನಿಸಿತು.

ಈ ಹವ್ಯಾಸದ ಹೆಸರು ಪೋಸ್ಟ್‌ಕ್ರಾಸಿಂಗ್. ಪೋರ್ಚುಗಲ್ ದೇಶದ ಪಾವುಲೊ ಮಗಲ್ಯಾಯಿಸ್ ಎಂಬ ತರುಣ 2005ರ ಜುಲೈ 14ರಂದು ಇದನ್ನು ಶುರುಮಾಡಿದ. ಅಂಚೆ ಡಬ್ಬಿಯಲ್ಲಿ ಬಿಲ್ಲುಗಳ ನಡುವೆ ಒಂದು ಕಾರ್ಡು ಸಿಕ್ಕರೆ ಅವನಿಗೆ ಖುಷಿಯಾಗುತ್ತಿತ್ತು. ಆದರೆ ಕಾರ್ಡು ಬರೆಯುವ ಗೆಳೆಯರು ಎಷ್ಟು ಜನ ಇದ್ದಾರು? ಇಂಥದೇ ಆಸೆ ಇರುವವರು ಜಗತ್ತಿನಲ್ಲಿ ಇನ್ನೂ ಇರಬಹುದು, ಅವರನ್ನೆಲ್ಲ ಒಂದು ದಾರದಲ್ಲಿ ಪೋಣಿಸಬೇಕು ಎಂಬುದು ಅವನ ಯೋಚನೆ. ಮೊದಲು ಅವನ ಮನೆಯ ಬಟ್ಟೆ ಕಪಾಟಿನಲ್ಲಿಟ್ಟ ಹಳೆಯ ಕಂಪ್ಯೂಟರಿನಲ್ಲೇ ಎಲ್ಲ ನಡೆಯುತ್ತಿತ್ತಂತೆ. 2008ರಲ್ಲಿ ಹತ್ತು ಲಕ್ಷದ ಕಾರ್ಡು ತಲುಪಿತು. ಈಗ ಲೆಕ್ಕ ಏಳು ಕೋಟಿ ದಾಟಿದೆ.

ಇದು ನಡೆಯುವುದು ಹೇಗೆ?

ವ್ಯವಸ್ಥೆ ಬಹಳ ಸರಳ. ನೀವು ಹೆಸರು, ವಿಳಾಸ ಕೊಟ್ಟು ಸದಸ್ಯರಾಗುತ್ತೀರಿ, ದುಡ್ಡಿಲ್ಲ. ಒಂದು ವಿಳಾಸ ಬೇಕೆಂದು ಕೇಳಿದರೆ ಯಾವುದೋ ದೇಶದ ಯಾರದೋ ವಿಳಾಸ ಬರುತ್ತದೆ. ಜತೆಗೆ ‘ಐಎನ್’ ಎಂದು ಆರಂಭವಾಗುವ ಒಂದು ಸಂಖ್ಯೆ. ಐಎನ್ ಎಂದರೆ ಇಂಡಿಯಾ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದು ಅಂಚೆಗೆ ಹಾಕಬೇಕು. ಕಾರ್ಡು ಸಿಕ್ಕವರು ಆ ಸಂಖ್ಯೆಯನ್ನು ದಾಖಲಿಸುತ್ತಾರೆ. ಆಗ ‘ಹುರ್ರೇ’ ಎಂಬ ಸಂದೇಶ ನಿಮಗೆ ಬರುತ್ತದೆ, ಇನ್ನೊಬ್ಬರು ಯಾರೋ ಕಾರ್ಡು ಕಳಿಸಬೇಕಾದವರ ಸರದಿಯಲ್ಲಿ ನಿಮ್ಮ ವಿಳಾಸ ಸೇರುತ್ತದೆ.

ಗಮನಿಸಿ: ನೀವು ಯಾರಿಗೆ ಕಳಿಸಿದಿರೋ ಅವರಿಂದ ನಿಮಗೆ ಮರಳಿ ಕಾರ್ಡು ಬರುವುದಿಲ್ಲ. ಫಿನ್‌ಲ್ಯಾಂಡಿಗೆ ಕಳಿಸಿದರೆ ತೈವಾನಿನಿಂದ ಬರಬಹುದು. ನನಗೆ ಇದರಲ್ಲಿ ಹಿಡಿಸಿದ್ದೇ ಈ ಅಂಶ. ಕೊಟ್ಟವರಿಂದಲೇ ತಿರುಗಿ ಪಡೆಯಬೇಕೆಂಬ ಲೆಕ್ಕ ಇಲ್ಲಿಲ್ಲ. ನಮ್ಮೂರಲ್ಲಿ ದಾರಿಹೋಕರಿಗೆ ನೀರು, ಬೆಲ್ಲ ಕೊಡುತ್ತಿದ್ದರಲ್ಲ, ಅವರೇನು ತಿರುಗಿ ಬಂದು ಕೊಡುತ್ತಾರೆಂದು ಕೊಡುತ್ತಿದ್ದರೆ?

ಆರಂಭದಲ್ಲಿ ಒಮ್ಮೆಗೆ ಐದು ಕಾರ್ಡು ಮಾತ್ರ ದಾರಿಯಲ್ಲಿರಬಹುದು. ತಲುಪಿದವು ಹೆಚ್ಚಿದಂತೆ ಈ ಮಿತಿಯೂ ಹೆಚ್ಚುತ್ತದೆ. 60 ದಿನವಾದರೂ ತಲುಪದ ಕಾರ್ಡಿಗೆ ‘ಅವಧಿ ಮುಗಿಯಿತು’ ಎಂಬ ಹಣೆಪಟ್ಟಿ ಬೀಳುತ್ತದೆ. ಆದರೂ ಆಸೆ ಬಿಡಬೇಕಾಗಿಲ್ಲ, ತಡವಾಗಿ ತಲುಪಿದ್ದನ್ನೂ ದಾಖಲಿಸಬಹುದು.

ಕಾಲಾಣೆಯ ಕಾರ್ಡು

ಪೋಸ್ಟ್‌ಕಾರ್ಡು ಹುಟ್ಟಿದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೇರಿಯಲ್ಲಿ. ನಾಲ್ಕು ಸಾಲಿನ ಸುದ್ದಿಗೆ ಕಾಗದ, ಲಕೋಟೆ, ಅರಗು ಇಷ್ಟೆಲ್ಲ ಯಾಕೆ ಎಂದು ಕೇಳಿದವನು ಎಮಾನುಯೆಲ್ ಹೆರ್ಮನ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ. ಹತ್ತೇ ವರ್ಷಕ್ಕೆ, 1879ರ ಜುಲೈ 1ರಂದು, ಅದು ಭಾರತಕ್ಕೂ ಬಂತು. ಬೆಲೆ ಕಾಲಾಣೆ. ಈಗಿನ ದೇಶದೊಳಗಿನ ಸಾದಾ ಕಾರ್ಡಿನ ಬೆಲೆ 50 ಪೈಸೆ. ಐವತ್ತು ಪೈಸೆ ನಾಣ್ಯವನ್ನು ನೀವು ಕೊನೆಯ ಬಾರಿ ನೋಡಿದ್ದು ಯಾವಾಗ, ನೆನಪು ಮಾಡಿಕೊಳ್ಳಿ!

ನಮ್ಮ ಮನೆಗಳಲ್ಲಿ ಕಾರ್ಡಿಗೆ ಅದರದೇ ಶಾಸ್ತ್ರವಿತ್ತು. ಮೇಲೆ ನಡುವೆ ‘ಶ್ರೀ’. ಬಲಗಡೆ ಊರು, ತಾರೀಖು. ಹಿರಿಯರಿಗಾದರೆ ‘ತೀರ್ಥರೂಪ ಸಮಾನರಾದ’, ಕಿರಿಯರಿಗಾದರೆ ‘ಚಿರಂಜೀವಿ’. “ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು” ಎಂಬ ಸಾಲು ಬಂದಮೇಲೇ ವಿಷಯ. ಜಾಗ ಮುಗಿದರೆ ಅಂಚಿನಲ್ಲಿ ಅಡ್ಡಲಾಗಿ, ವಿಳಾಸದ ಪಕ್ಕದಲ್ಲಿ ಉದ್ದಲಾಗಿ. ಮೂಲೆಗೆ ಅರಿಶಿಣ ಕುಂಕುಮ ಹಚ್ಚಿದ್ದರೆ ಮದುವೆಯ ಸುದ್ದಿ. ಮೂಲೆ ಹರಿದಿದ್ದರೆ ಓದುವ ಮೊದಲೇ ಎದೆ ಧಸಕ್ಕೆನ್ನುತ್ತಿತ್ತು. ಗುಟ್ಟು ಎನ್ನುವುದೇ ಇರಲಿಲ್ಲ. ಅಂಚೆಯಣ್ಣ ಮೊದಲು ಓದುತ್ತಿದ್ದ, ಆಮೇಲೆ ಓಣಿ, ಕೊನೆಗೆ ನಾವು.

ಬಿಬವೇವಾಡಿ, 411037

ನಾನು 2018ರಲ್ಲಿ ಸೇರಿದೆ. ಇದುವರೆಗೆ ಇನ್ನೂರೈವತ್ತಕ್ಕೂ ಹೆಚ್ಚು ಕಾರ್ಡು ಕಳಿಸಿದ್ದೇನೆ, ಹೆಚ್ಚುಕಡಿಮೆ ಅಷ್ಟೇ ಬಂದಿವೆ. ಜರ್ಮನಿ, ರಷ್ಯಾ, ಅಮೆರಿಕ, ಫಿನ್‌ಲ್ಯಾಂಡ್, ತೈವಾನ್, ನೆದರ್‌ಲ್ಯಾಂಡ್ಸ್‌ಗಳದ್ದೇ ಸಿಂಹಪಾಲು, ಏಕೆಂದರೆ ಸದಸ್ಯರು ಅಲ್ಲಿ ಹೆಚ್ಚು.

ಬಿಬವೇವಾಡಿ ಎಂಬ ಹೆಸರು ವಿದೇಶದವರ ಕೈಯಲ್ಲಿ ಏನೇನಾಗುತ್ತದೆ ಎಂದು ನೋಡಬೇಕು! ಬಿಬ್ವೆ ಬೇರೆ, ವಾಡಿ ಬೇರೆ. ಒಮ್ಮೆ ಬರೀ ‘ಬಿಬಿವಾಡಿ’. ಆದರೂ ಕಾರ್ಡು ಬರುತ್ತದೆ. ಅದನ್ನು ಕಾಯುವುದು ಕೊನೆಯ ಆರು ಅಂಕಿ. ಪಿನ್‌ಕೋಡನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದವರು ಶ್ರೀರಾಮ ಭಿಕಾಜಿ ವೇಲಣಕರ್, ಮರಾಠಿ ಮನೆಮಾತಿನ, ಸಂಸ್ಕೃತ ಕವಿಯೂ ಆಗಿದ್ದ ಅಧಿಕಾರಿ. ಒಂದೇ ಹೆಸರಿನ ಹತ್ತಾರು ಊರು, ಹತ್ತಾರು ಲಿಪಿ, ಅರ್ಥವಾಗದ ಕೈಬರಹ ಇದ್ದ ದೇಶಕ್ಕೆ ಬೇಕಾಗಿದ್ದು ಭಾಷೆಯಿಲ್ಲದ ವಿಳಾಸ. ಮೊದಲ ಅಂಕಿ 4 ಇದ್ದರೆ ಈ ಕಡೆ, 5 ಇದ್ದರೆ ನಮ್ಮೂರ ಕಡೆ. ಒಂದೇ ಅಂಕಿಯ ಅಂತರ, ಎಂದು ನಾನು ಸಮಾಧಾನ ಮಾಡಿಕೊಳ್ಳುವುದುಂಟು.

ಪುಣೆಯಲ್ಲಿ ಚಿತ್ರದ ಕಾರ್ಡುಗಳು ಸುಲಭವಾಗಿ ಸಿಗುವುದಿಲ್ಲ. ಲೋಣಾವಳದ ಹತ್ತಿರ ಮಳವಲಿಯಲ್ಲಿ ರವಿವರ್ಮನ ಮುದ್ರಣಾಲಯ ಇದ್ದ ಸೀಮೆ ಇದು, ಮನೆಮನೆಯ ಲಕ್ಷ್ಮಿ ಸರಸ್ವತಿಯರು ಅಚ್ಚಾಗಿ ಹೊರಟದ್ದು ಇಲ್ಲಿಂದ. ಆದರೂ ಇವತ್ತು ಶನಿವಾರವಾಡೆಯ ಒಂದು ಒಳ್ಳೆಯ ಕಾರ್ಡು ಹುಡುಕಲು ಅಲೆಯಬೇಕು. ನಾನು ಕಂಡುಕೊಂಡ ದಾರಿ ಎಂದರೆ, ನಾನೇ ತೆಗೆದ ಫೋಟೋಗಳನ್ನು ಅಪ್ಪಾ ಬಳವಂತ ಚೌಕಿನಲ್ಲಿ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸುವುದು. ಮಾರ್ಕೆಟ್ ಯಾರ್ಡಿನ ಬೆಳಗಿನ ಹೂವಿನ ರಾಶಿ, ತಳಜಾಯಿ ಗುಡ್ಡದ ನವಿಲು, ಪರ್ವತಿಯ ಮೆಟ್ಟಿಲು. ಇವುಗಳ ಜತೆ ಊರಿಗೆ ಹೋದಾಗ ತೆಗೆದ ಲಕ್ಕುಂಡಿಯ ಬಾವಿ, ಜೋಳದ ಹೊಲ.

ಭೀಮಸೇನ ಜೋಶಿಯವರ ಸಹಾಯ

ವಿದೇಶಕ್ಕೆ ಏರ್‌ಮೇಲ್ ಕಾರ್ಡಿಗೆ ನಾನು 15 ರೂಪಾಯಿ ಅಂಚೆಚೀಟಿ ಹಚ್ಚುತ್ತ ಬಂದಿದ್ದೇನೆ. ಚಹಾ ಮತ್ತು ಒಂದು ವಡಾಪಾವ್ ಬಿಟ್ಟರೆ ಒಂದು ಕಾರ್ಡು ಜರ್ಮನಿಗೆ ಹೋಗುತ್ತದೆ. ಚೀಟಿ ಯಾವುದಾದರೂ ನಡೆಯುತ್ತದೆ, ಆದರೆ ಕಾರ್ಡು ಪಡೆಯುವವರು ಮೊದಲು ನೋಡುವುದು ಅದನ್ನೇ.

2014ರ ಸೆಪ್ಟೆಂಬರಿನಲ್ಲಿ ನಮ್ಮ ಅಂಚೆ ಇಲಾಖೆ ಎಂಟು ಸಂಗೀತಗಾರರ ಚೀಟಿ ಹೊರತಂದಿತು. ಆ ಎಂಟರಲ್ಲಿ ನಾಲ್ವರು ನಮ್ಮ ಕಡೆಯವರು: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ. ಹಳೆ ಚೀಟಿ ಮಾರುವವರ ಹತ್ತಿರ ನನಗೆ ಇವುಗಳ ಕೆಲವು ಹಾಳೆ ಸಿಕ್ಕವು. ಗದಗಿನ ಕಡೆಯಿಂದ ಪುಣೆಗೆ ಬಂದು ನೆಲೆಸಿ, ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಇಲ್ಲಿ ಉತ್ಸವ ನಡೆಸಿದ ಭೀಮಸೇನರಿಗಿಂತ ಪುಣೆಯ ಕನ್ನಡಿಗರ ಕಥೆಯನ್ನು ಚಿಕ್ಕದಾಗಿ ಹೇಳುವವರು ಯಾರಿದ್ದಾರೆ? ಕಾರ್ಡಿನಲ್ಲಿ ಎರಡೇ ಸಾಲು ಬರೆಯುತ್ತೇನೆ: “ಚೀಟಿಯಲ್ಲಿರುವವರು ನನ್ನ ಹಾಗೇ ಬೇರೆ ನುಡಿಯ ಊರಿಗೆ ಬಂದವರು. ಬಂದ ಊರು ಅವರನ್ನು ತನ್ನವರೆಂದುಕೊಂಡಿತು.” ಕಾರ್ಡು ಸಿಕ್ಕ ರಷ್ಯಾದ ಸಂಗೀತ ಶಿಕ್ಷಕಿಯೊಬ್ಬರು ಭೀಮಸೇನರ ಹಾಡು ಹುಡುಕಿ ಕೇಳಿದೆನೆಂದು ಬರೆದಿದ್ದರು.

‘ನಿಮ್ಮ ಭಾಷೆಯಲ್ಲಿ ಏನಾದರೂ ಬರೆಯಿರಿ’

ಪ್ರತಿ ಸದಸ್ಯರೂ ತಮಗೆ ಎಂಥ ಕಾರ್ಡು ಇಷ್ಟ ಎಂದು ನಾಲ್ಕು ಮಾತು ಬರೆದಿರುತ್ತಾರೆ. ಬೆಕ್ಕು, ರೈಲು, ದೀಪಸ್ತಂಭ, ಅಡುಗೆ. ಆದರೆ ಮತ್ತೆ ಮತ್ತೆ ಕಾಣುವ ಕೋರಿಕೆ ಎಂದರೆ ಇದು: ನಿಮ್ಮ ಭಾಷೆಯಲ್ಲಿ, ನಿಮ್ಮ ಲಿಪಿಯಲ್ಲಿ ಏನಾದರೂ ಬರೆಯಿರಿ.

ಈ ಕೋರಿಕೆಯೇ ನಮ್ಮ ಮನೆಯಲ್ಲಿ ಬೇರೊಂದು ಕೆಲಸ ಮಾಡಿತು. ಅಪ್ಪ ತೀರಿಹೋದ ಮೇಲೆ ಅವ್ವ 2021ರಲ್ಲಿ ಗದಗಿನಿಂದ ನಮ್ಮ ಜತೆ ಇರಲು ಬಂದಳು. ನಾಲ್ಕನೇ ಮಹಡಿ, ಗೊತ್ತಿಲ್ಲದ ಭಾಷೆ, ಹಗಲಿಡೀ ಎಲ್ಲರೂ ಹೊರಗೆ. ಓದು ಬರಹ ಚೆನ್ನಾಗಿ ಬಲ್ಲವಳು, ಆದರೆ ಇಲ್ಲಿ ಅಂಗಡಿಯ ಬೋರ್ಡು ಓದಲೂ ಮೊಮ್ಮಗಳನ್ನು ಕೇಳಬೇಕು. ಮಗಳ ಸ್ಥಿತಿ ಇದಕ್ಕೆ ಉಲ್ಟಾ. ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಓದುತ್ತಾಳೆ, ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಕನ್ನಡ ಅಕ್ಷರ ಮಾತ್ರ ಬಾರದು. ಹೊರನಾಡ ಕನ್ನಡಿಗರ ಮನೆಗಳಲ್ಲಿ ಇದು ಹೊಸ ಕಥೆಯಲ್ಲ. ರಜೆಯಲ್ಲಿ ಅಕ್ಷರ ಕಲಿಸಲು ನಾನು ಮಾಡಿದ ಪ್ರಯತ್ನಗಳು ಎರಡನೇ ವಾರಕ್ಕೆ ನಿಂತುಹೋಗುತ್ತಿದ್ದವು. “ಕಲಿತು ಯಾರಿಗೆ ಬರೀಲಿ?” ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆಯುವ ಕೆಲಸವನ್ನು ಅವ್ವನಿಗೆ ವಹಿಸಿದೆ, ಅವಳ ಅಕ್ಷರ ನನ್ನದಕ್ಕಿಂತ ದುಂಡಗಿತ್ತು ಎಂಬ ಕಾರಣಕ್ಕೆ. ಅವಳು ಯಾರಿಗೇ ಆಗಲಿ ಮೇಲೆ ‘ಶ್ರೀ’ ಹಾಕದೆ ಬರೆಯುವವಳಲ್ಲ. ಹಾಲೆಂಡಿನವರಿಗೂ ಅದೇ ಕ್ಷೇಮ ಸಮಾಚಾರ. ಜರ್ಮನಿಯ ಒಬ್ಬರು ಗಾದೆ ಬೇಕೆಂದಾಗ ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಬರೆದಳು, ನಾನು ಕೆಳಗೆ ಅರ್ಥ ಬರೆದೆ. ಮೂರು ವಾರಕ್ಕೆ ಉತ್ತರ ಬಂತು: “ಇದು ನಮ್ಮ ಗಾದೆ! ನಮ್ಮಜ್ಜಿ ದಿನಾ ಹೇಳುತ್ತಿದ್ದಳು.” ಅವ್ವ ಒಪ್ಪಲಿಲ್ಲ. “ನಮ್ಮದನ್ನ ಅವರು ಕಲ್ತಿರಬೇಕು” ಎಂದಳು.

ಮಗಳು ಇದನ್ನೆಲ್ಲ ನೋಡುತ್ತಿದ್ದಳು. ತೈವಾನಿನ ಅವಳದೇ ವಯಸ್ಸಿನ ಹುಡುಗಿಯೊಬ್ಬಳು ತನ್ನ ಹೆಸರನ್ನು ಕನ್ನಡದಲ್ಲಿ ನೋಡಬೇಕೆಂದು ಕೇಳಿದಾಗ ಅವಳು ಅಜ್ಜಿಯ ಪಕ್ಕ ಕುಳಿತು ತಾನೇ ಬರೆದಳು. ಒತ್ತಕ್ಷರ ಅಲ್ಲೇ ಕಲಿತಳು. ಈಗ ಅವ್ವನಿಗೆ ಕೈ ನಡುಗುತ್ತದೆ, ‘ಶ್ರೀ’ ಮಾತ್ರ ತಾನು ಹಾಕಿ ಉಳಿದದ್ದನ್ನು ಹೇಳುತ್ತಾಳೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ತಪ್ಪುಗಳಿರುತ್ತವೆ. ಅಲ್ಪಪ್ರಾಣ ಮಹಾಪ್ರಾಣದ ಜಗಳ ದಿನವೂ ಇದೆ. ಆದರೆ ‘ಯಾರಿಗೆ ಬರೀಲಿ’ ಎಂಬ ಪ್ರಶ್ನೆ ಈಗ ಇಲ್ಲ.

ನಿಂತ ವಿಮಾನ, ನಿಂತ ಕಾರ್ಡು

ಕಾರ್ಡು ಹೋಗುವುದು ಎಷ್ಟು ಜನರ ಕೈಯ ಮೇಲೆ ಎಂಬುದು ಅದು ನಿಂತಾಗ ತಿಳಿಯುತ್ತದೆ. 2020ರ ಮಾರ್ಚಿನಲ್ಲಿ ವಿಮಾನಗಳು ನಿಂತವು, ವಿದೇಶಿ ಅಂಚೆಯೂ ನಿಂತಿತು. ಲಾಕ್‌ಡೌನಿಗೆ ಮುಂಚೆ ನಾನು ಕಳಿಸಿದ ಒಂದು ಕಾರ್ಡು ಜರ್ಮನಿಯ ವೃದ್ಧರೊಬ್ಬರಿಗೆ ತಲುಪಿದ್ದು ಆಗಸ್ಟಿನಲ್ಲಿ. “ನಾನಿನ್ನೂ ಇದ್ದೇನೆ, ನೀವು?” ಎಂದಷ್ಟೇ ಬರೆದಿದ್ದರು. ಆ ವರ್ಷ ನನಗೆ ಬಂದ ಸಂದೇಶಗಳಲ್ಲಿ ನೆನಪಿರುವುದು ಅದೊಂದೇ.

2025ರ ಆಗಸ್ಟಿನಲ್ಲಿ ಅಮೆರಿಕದ ಹೊಸ ಸುಂಕದ ನಿಯಮಗಳಿಂದಾಗಿ ಭಾರತದಿಂದ ಅಲ್ಲಿಗೆ ಅಂಚೆ ನಿಂತು, ಅಕ್ಟೋಬರ್ 15ಕ್ಕೆ ಮತ್ತೆ ಶುರುವಾಯಿತು. ಓಹಿಯೋದವರಿಗೆಂದು ಬರೆದಿಟ್ಟ ಮಾರ್ಕೆಟ್ ಯಾರ್ಡಿನ ಹೂವು ಅಲ್ಲಿಯವರೆಗೆ ನಮ್ಮ ಫ್ರಿಜ್ಜಿನ ಮೇಲೇ ಇತ್ತು. ಅದೇ ವರ್ಷದ ಕೊನೆಗೆ ಡೆನ್ಮಾರ್ಕಿನ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 1624ರಿಂದ ನಡೆದುಬಂದ ಪತ್ರ ಬಟವಾಡೆಯನ್ನು ನಿಲ್ಲಿಸಿತು, ಕೆಂಪು ಡಬ್ಬಿಗಳನ್ನು ಕಿತ್ತುಹಾಕಿತು. ಪತ್ರಗಳ ಕೆಲಸ ಈಗ ಅಲ್ಲಿ ಖಾಸಗಿ ಕಂಪನಿಯದು. ನಮ್ಮಲ್ಲೂ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬುದು ಸ್ಪೀಡ್ ಪೋಸ್ಟಿನಲ್ಲಿ ಕರಗಿತು. 50 ಪೈಸೆಯ ಕಾರ್ಡು ಇನ್ನೂ ಇದೆ. ಬಳಸುವವರಿದ್ದರೆ ಇರುತ್ತದೆ.

ಶುರು ಮಾಡುವವರಿಗೆ

ಕೆಲವು ಅನುಭವದ ಮಾತು. ಕಾರ್ಡು ದಪ್ಪಗಿರಲಿ, ಅಳತೆ 14.8 × 10.5 ಸೆಂಟಿಮೀಟರ್ ಸುಮಾರಿಗೆ ಇರಲಿ. ಸಂಖ್ಯೆಯನ್ನು ಎರಡು ಕಡೆ ಬರೆಯಿರಿ. ಒಂದರ ಮೇಲೆ ಮುದ್ರೆ ಬಿದ್ದರೆ ಇನ್ನೊಂದು ಉಳಿಯುತ್ತದೆ. ನಮ್ಮ ಚೀಟಿಗಳ ಹಿಂದಿನ ಅಂಟನ್ನು ನಂಬಬೇಡಿ, ಗೋಂದು ಹಚ್ಚಿ. ವಿಳಾಸದ ಕೊನೆಗೆ ದೇಶದ ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿರಲಿ. ದರ ಬದಲಾಗುವುದುಂಟು, ಕೌಂಟರಿನಲ್ಲಿ ಒಮ್ಮೆ ಕೇಳಿಕೊಳ್ಳಿ. ಸಾಧು ವಾಸವಾನಿ ಚೌಕಿನ ಜಿಪಿಒಗೆ ಹೋದರೆ ಸುಂದರ ಚೀಟಿಗಳನ್ನೂ ವಿಚಾರಿಸಬಹುದು. ಮನೆ ವಿಳಾಸ ಅಪರಿಚಿತರಿಗೆ ಕೊಡಲು ಹಿಂಜರಿಕೆ ಇದ್ದರೆ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಪಡೆಯಬಹುದು. ಮಕ್ಕಳ ಹೆಸರು, ಶಾಲೆ ಬರೆಯಬೇಡಿ. ಹತ್ತರಲ್ಲಿ ಒಂದು ಕಾರ್ಡು ದಾರಿ ತಪ್ಪಿದರೆ ಬೇಸರ ಬೇಡ.

2020ರಿಂದ ಅಕ್ಟೋಬರ್ 1 ವಿಶ್ವ ಪೋಸ್ಟ್‌ಕಾರ್ಡ್ ದಿನ. ಅದಕ್ಕೆ ಸರಿಯಾಗಿ ಒಂದು ತಿಂಗಳಿಗೆ ನಮ್ಮ ರಾಜ್ಯೋತ್ಸವ. ಈ ನಡುವಿನ ಮೂವತ್ತೊಂದು ದಿನಗಳಲ್ಲಿ ಒಂದೊಂದು ಮನೆಯಿಂದ ಒಂದೊಂದು ಕಾರ್ಡು ಹೊರಟರೂ ಸಾಕು ಎಂಬುದು ನನ್ನ ಸಲಹೆ. ಮಕ್ಕಳ ಕೈಯಿಂದ ಕನ್ನಡದಲ್ಲಿ ಒಂದು ಸಾಲು ಬರೆಸಿ, ಕೆಳಗೆ ಅರ್ಥ ಬರೆಯಿರಿ. ವಿದೇಶವೇ ಆಗಬೇಕೆಂದಿಲ್ಲ, ಊರಲ್ಲಿರುವ ಸೋದರತ್ತೆಗೆ 50 ಪೈಸೆಯಲ್ಲೇ ಹೋಗುತ್ತದೆ. ಹೇಗೆ ಶುರುಮಾಡಬೇಕೆಂದು ತಿಳಿಯದಿದ್ದರೆ ಹಳೆಯ ಸಾಲು ಇದ್ದೇ ಇದೆ: ನಾವೆಲ್ಲ ಇಲ್ಲಿ ಕ್ಷೇಮ.