ರಕ್ತದ ಹೆಪ್ಪು ಮತ್ತು ಸಾವಿನ ಲೆಕ್ಕ

ಹೆಪ್ಪು ಎಂಬ ಮಾತು ನಮ್ಮ ಮನೆಗಳಲ್ಲಿ ಹಾಲುಮೊಸರಿಗೆ ಸೇರಿದ್ದು. ಅದು ಸಾವಿಗೂ ಸೇರಬಹುದೆಂದು ನನಗೆ ತಿಳಿದದ್ದು ನಮ್ಮ ದೊಡ್ಡಪ್ಪನವರು ತೀರಿಕೊಂಡ ಎಷ್ಟೋ ದಿನಗಳ ಮೇಲೆ. ಅಟ್ಟದ ಏಣಿಯಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡು ಅವರು ಮೂರು ವಾರ ಮಲಗಿದ್ದರು. ಊಟ ನಿದ್ರೆ ಸರಿಯಾಗಿದ್ದವು. ಮೀನಖಂಡ ಮಾತ್ರ ಊದಿಕೊಂಡಿತ್ತು. ನಾನೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಒಂದು ಬೆಳಗ್ಗೆ ಎಬ್ಬಿಸಿ ಕೂರಿಸಿದೊಡನೆ ಅವರಿಗೆ ಏದುಸಿರು ಬಂತು. ಗಳಿಗೆಯೊಳಗೆ ಎಲ್ಲ ಮುಗಿಯಿತು. ನೆಂಟರು “ಆಯಸ್ಸು ಅಷ್ಟೇ” ಎಂದರು. ಕಾಗದದಲ್ಲಿ “ಹೃದಯಸ್ತಂಭನ” ಎಂದು ಬರೆದರು. ಹೃದಯ ನಿಲ್ಲದೆ ಸಾಯುವವರುಂಟೆ? ಸಂಖ್ಯಾಶಾಸ್ತ್ರದ ತರಗತಿಗೆ ಸೇರಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಪ್ರಕೃತಿಯ ವರ. ಆದರೆ ಅದು ಕಾಲಿನ ಅಭಿಧಮನಿಯೊಳಗೆ ಹೆಪ್ಪುಗಟ್ಟಿದರೆ ಅಪಾಯ. ಆ ಗಡ್ಡೆ ಕಳಚಿಕೊಂಡು ರಕ್ತದೊಡನೆ ತೇಲಿ, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲುವೆಯ ತೂಬಿಗೆ ಮರದ ದಿಮ್ಮಿ ಅಡ್ಡ ಬಿದ್ದಂತೆ. ಹೀಗೆ ಹೆಪ್ಪು ಒಂದೆಡೆ ಹುಟ್ಟಿ ಇನ್ನೊಂದೆಡೆ ಕೊಲ್ಲುತ್ತದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ತೋರಿಸಿಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಕೋ. ರಕ್ತದ ಹರಿವು ಮಂದವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದಲ್ಲಿಯೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು – ಈ ಮೂರು ಕಾರಣಗಳನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಮೊದಲನೆಯ ಕಾರಣಕ್ಕೆ ಲಂಡನ್ ನಗರವೇ ಸಾಕ್ಷಿ. 1940ರಲ್ಲಿ ಬಾಂಬಿನ ದಾಳಿಗೆ ಹೆದರಿ ಜನ ರಾತ್ರಿಯೆಲ್ಲ ಆಶ್ರಯತಾಣಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ಕುಳಿತೇ ಮಲಗುತ್ತಿದ್ದರು. ಕುರ್ಚಿಯ ಮುಂಭಾಗದ ಅಡ್ಡಪಟ್ಟಿ ತೊಡೆಯ ಕೆಳಗೆ ಒತ್ತುತ್ತಿತ್ತು. ಆ ದಿನಗಳಲ್ಲಿ ಇಂಥ ಸಾವುಗಳು ಹಿಂದಿನ ವರ್ಷಕ್ಕಿಂತ ಆರು ಪಟ್ಟು ಹೆಚ್ಚಿದವೆಂದು ವೈದ್ಯ ಕೀತ್ ಸಿಂಪ್ಸನ್ ಲೆಕ್ಕ ಕೊಟ್ಟರು. 2004ರಲ್ಲಿ ಜಪಾನಿನ ನೀಗಾತ ಪ್ರಾಂತ್ಯದಲ್ಲಿ ಭೂಕಂಪವಾದಾಗ ಮನೆಗೆ ಹೋಗಲಂಜಿ ಕಾರುಗಳಲ್ಲೇ ಮಲಗಿದವರಲ್ಲಿಯೂ ಕೆಲವರು ಹೀಗೆಯೇ ಸತ್ತರು. ದೇಶ ಬೇರೆ, ಕಾಲ ಬೇರೆ. ಮಡಿಸಿಟ್ಟ ಕಾಲಿನ ಕಥೆ ಒಂದೇ.

ಇದಕ್ಕೆ ಮದ್ದು ದೊರೆತ ಬಗೆಯೂ ಸ್ವಾರಸ್ಯವಾದದ್ದು. ಹೆಪಾರಿನ್ 1916ರಲ್ಲಿ ಅಮೆರಿಕದ ಬಾಲ್ಟಿಮೋರಿನ ಪ್ರಯೋಗಶಾಲೆಯಲ್ಲಿ ಕಂಡುಬಂತು. ಇನ್ನೊಂದು ಔಷಧ ದನದ ಕೊಟ್ಟಿಗೆಯಿಂದ ಬಂತು. ಕೆಟ್ಟ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಹಿಮದ ಬಿರುಗಾಳಿಯಲ್ಲಿ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಬಳಿಗೆ ಬಂದ. ಅಲ್ಲಿಂದ ಮೊದಲಾದ ಸಂಶೋಧನೆ ವಾರ್ಫರಿನ್‌ವರೆಗೆ ಸಾಗಿತು. ಅದು ಮೊದಲು ಇಲಿಪಾಷಾಣವಾಗಿ, ಆಮೇಲೆ ಮನುಷ್ಯರಿಗೆ ಮದ್ದಾಗಿ ಬಳಕೆಗೆ ಬಂತು.

ಮದ್ದಿನ ಬೆಲೆಯನ್ನು ಲೆಕ್ಕವೇ ತೋರಿಸಿತು. 1960ರಲ್ಲಿ ಪ್ರಕಟವಾದ ಬ್ರಿಸ್ಟಲ್ಲಿನ ಪ್ರಯೋಗದಲ್ಲಿ ಮದ್ದಿಲ್ಲದ 19 ರೋಗಿಗಳಲ್ಲಿ 5 ಮಂದಿ ಹೆಪ್ಪಿನಿಂದ ಸತ್ತರು; ಮದ್ದು ಪಡೆದ 16 ಮಂದಿಯಲ್ಲಿ ಹೆಪ್ಪಿನಿಂದ ಸತ್ತವರು ಒಬ್ಬರೂ ಇಲ್ಲ. 1975ರಲ್ಲಿ ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ ಕಕ್ಕರ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೆ ಒಳಗಾಗುವ 4,121 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಲ್ಪ ಪ್ರಮಾಣದ ಹೆಪಾರಿನ್ ಕೊಟ್ಟು ನೋಡಿದರು. ಕೊಡದವರಲ್ಲಿ 16 ಮಂದಿ, ಕೊಟ್ಟವರಲ್ಲಿ 2 ಮಂದಿ ಶ್ವಾಸಕೋಶದ ಹೆಪ್ಪಿನಿಂದ ಸತ್ತಿದ್ದರು.

ಇನ್ನು ದೇಶದೇಶಗಳ ಲೆಕ್ಕ. ವಯೋಮಾನದ ಭೇದವನ್ನು ಸರಿದೂಗಿಸಿ ನೋಡಿದರೆ, ಯೂರೋಪಿನಲ್ಲಿ ಈ ಸಾವುಗಳು 2000ದಲ್ಲಿ ಲಕ್ಷಕ್ಕೆ 12.8 ಇದ್ದು, 2015ರಲ್ಲಿ 6.5ಕ್ಕೆ ಇಳಿದವು. ಕೆನಡದಲ್ಲಿ 2000ದ 4.7, 2017ರ ವೇಳೆಗೆ 2.6 ಆಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 6.0 ಇದ್ದದ್ದು 2006ಕ್ಕೆ 4.4ಕ್ಕೆ ಇಳಿದು, ಮುಂದೆ 2017ರವರೆಗೂ ಇಳಿಯದೆ ನಿಂತುಬಿಟ್ಟಿತು. ನೆರೆಹೊರೆಯ ದೇಶಗಳಲ್ಲೇ ಇಷ್ಟು ಅಂತರ!

ಅಂತರಕ್ಕೆ ಒಂದು ಕಾರಣ ವಂಶವಾಹಿಗಳಲ್ಲಿದೆ. 1994ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಗುರುತಿಸಲಾದ ಒಂದು ದೋಷ ಯೂರೋಪಿನ ಮೂಲದವರಲ್ಲಿ ಸಾಮಾನ್ಯ, ಪೂರ್ವ ಏಷ್ಯದವರಲ್ಲಿ ವಿರಳ. ಸ್ಥೂಲಕಾಯ, ಚಿಕಿತ್ಸೆಯ ಅನುಕೂಲ ಇವೂ ಕಾರಣಗಳೇ. ಆದರೆ ವಿದ್ಯಾರ್ಥಿಗಳಾದ ನಾವು ಮರೆಯಬಾರದ ಮಾತೊಂದುಂಟು: ಸಾವಿನ ಲೆಕ್ಕವೆಂದರೆ ಬರೆದ ಸಾವಿನ ಲೆಕ್ಕ. ಶವಪರೀಕ್ಷೆ ಕಡಮೆಯಾದ ಕಡೆ ಹೆಪ್ಪು ಬಚ್ಚಿಟ್ಟುಕೊಳ್ಳುತ್ತದೆ. ಹೊಸ ಸ್ಕ್ಯಾನ್ ಯಂತ್ರ ಬಂದ ಕಡೆ ಸಣ್ಣ ಹೆಪ್ಪೂ ಸಿಕ್ಕಿಬೀಳುತ್ತದೆ.

ಭಾರತದಲ್ಲಿ 2020ರಲ್ಲಿ ನೋಂದಾಯಿತವಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢಪಡಿಸಿದ್ದು ನಾಲ್ಕರಲ್ಲಿ ಒಂದಕ್ಕೂ ಕಡಮೆ. ಹಾಗಿರುವಾಗ ನಮ್ಮಲ್ಲಿ ಹೆಪ್ಪಿನ ಸಾವು ವಿರಳವೆಂದು ಯಾರಾದರೂ ಹೇಳಿದರೆ ನಾನು ಸುಲಭವಾಗಿ ಒಪ್ಪಲಾರೆ. ನನಗೆ ದೊಡ್ಡಪ್ಪನವರ ಕಾಗದ ನೆನಪಾಗುತ್ತದೆ. ಅವರನ್ನು ಒಯ್ದದ್ದು ಹೆಪ್ಪೇ ಎಂದು ನಾನು ಸಾಧಿಸಲಾರೆ. ಅಲ್ಲವೆಂದು ಆ ಕಾಗದವೂ ಸಾಧಿಸಲಾರದು.

ಮಿತ್ರರಲ್ಲಿ ನನ್ನ ಅರಿಕೆ ಇಷ್ಟೆ: ಮನೆಯಲ್ಲಿ ಹಾಸಿಗೆ ಹಿಡಿದವರ ಒಂದು ಕಾಲು ಊದಿದರೆ ತಿಕ್ಕಬೇಡಿ; ತಡಮಾಡದೆ ವೈದ್ಯರಿಗೆ ತೋರಿಸಿ.