ಕಾಗದ ಅಂಟಿಸಿದ ಹಸಿ ಗೋಡೆಗೆ ಸುಣ್ಣ ಬಳಿಯುವ ಮುನ್ನ



ಮಳೆಗಾಲ ಕಳೆದು ದೀಪಾವಳಿ ಸಮೀಪಿಸಿತೆಂದರೆ ನಮ್ಮ ಊರುಗಳಲ್ಲಿ ಮನೆಗೆ ಸುಣ್ಣ ಬಳಿಯುವ ಸಡಗರ. ಗೋಡೆ ಕಿತ್ತುಹೋದ ಕಡೆ ಹಳೆಯ ವೃತ್ತಪತ್ರಿಕೆಯನ್ನೋ ಕ್ಯಾಲೆಂಡರಿನ ಚಿತ್ರವನ್ನೋ ಗಂಜಿ ಹಚ್ಚಿ ಅಂಟಿಸುವುದು ಹಲವು ಮನೆಗಳ ರೂಢಿ. ಈಗ ಪೇಟೆಯಿಂದ ಹೂವಿನ ಚಿತ್ರದ ಪ್ಲಾಸ್ಟಿಕ್ ಸ್ಟಿಕ್ಕರೂ ಬಂದಿದೆ. ನೋಡಲು ಚೆಂದವೇ. ಆದರೆ ಅದರ ಹಿಂದೆ ತೇವ ಆರದೆ ಉಳಿಯುತ್ತದೆ. ಗಂಜಿಯ ಮೇಲೆ ಬೂಷ್ಟು ಬೆಳೆಯುತ್ತದೆ. ಕಾಗದಕ್ಕೆ ಗೆದ್ದಲು ಹತ್ತುತ್ತದೆ. ಗೋಡೆಗೆ ಒರಗಿಸಿದ ರಾಗಿ ಮೂಟೆ ಮುಗ್ಗುತ್ತದೆ. ನೀರು ಕುಡಿದ ಮಣ್ಣಿನ ಗೋಡೆ ಬಲಗುಂದಿ, ಮಲಗಿದವರ ಮೇಲೆ ಕುಸಿಯಲೂಬಹುದು. ಆದ್ದರಿಂದ ಕಾಗದದ ಮೇಲೆಯೇ ಸುಣ್ಣ ಬಳಿಯಬೇಡಿ.

ನೀರು ಎಲ್ಲಿಂದ ಬಂತು?

ಮೊದಲು ಇದನ್ನು ತಿಳಿಯಬೇಕು. ಕಲೆ ಮೇಲಿನಿಂದ ಇಳಿದಿದ್ದರೆ ಹೆಂಚು ಒಡೆದಿದೆ ಅಥವಾ ಸರಿದಿದೆ. ಬುಡದಿಂದ ಮೇಲೇರಿದ್ದರೆ ಅದು ನೆಲದ ತೇವ. ಶ್ರೀರಂಗಪಟ್ಟಣ, ಪಾಂಡವಪುರ ಕಡೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲೂ, ಕೆ.ಆರ್. ಪೇಟೆಯಲ್ಲಿ ಹೇಮಾವತಿ ನಾಲೆಯ ಕೆಳಗೂ ಗದ್ದೆಗೆ ಹೊಂದಿದ ಮನೆಗಳಿಗೆ ಈ ತೊಂದರೆ ಉಂಟು. ನಾಗಮಂಗಲದ ಒಣ ಕೆಂಪು ನೆಲದ ಊರುಗಳಲ್ಲಿ ಹೆಂಚಿನ ಸೋರಿಕೆಯನ್ನೂ ಸೂರಿನ ನೀರು ಬುಡಕ್ಕೆ ಸಿಡಿಯುವುದನ್ನೂ ಮೊದಲು ನೋಡಿರಿ. ಬಚ್ಚಲು ನೀರಿಗೆ ಚರಂಡಿ ತೋಡಿ ದೂರಕ್ಕೆ ಸಾಗಿಸಿ. ಗೋಡೆಗೆ ಒತ್ತಿದ ತಿಪ್ಪೆಯನ್ನು ಬೇರೆಡೆಗೆ ಹಾಕಿ.

ಕಾಗದ ಕೀಳುವ ಬಗೆ

ಹಸಿ ಗೋಡೆಯ ಮೇಲೆ ವಿದ್ಯುತ್ ತಂತಿ ಇದ್ದರೆ ಮೇನ್ ಸ್ವಿಚ್ ಆರಿಸಿರಿ. ಬಾಗಿಲು ಕಿಟಕಿ ತೆರೆದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಾಗದವನ್ನು ಒದ್ದೆ ಮಾಡಿ, 15 ನಿಮಿಷ ಬಿಟ್ಟು ಕರಣೆಯಿಂದ ಮೆಲ್ಲಗೆ ಕೆರೆಯಿರಿ. ಮಣ್ಣಿನ ಗೋಡೆಗೆ ನೀರು ಸುರಿಯಕೂಡದು. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರಸಬೇಕು. ಒಣಗಿದ್ದಾಗ ಉಜ್ಜಿದರೆ ಅದರ ಧೂಳು ಉಸಿರಿಗೆ ಹೋಗುತ್ತದೆ. ಬಿಳಿ ಉಪ್ಪಿನ ಹುಡಿಯನ್ನು ಮಾತ್ರ ಒಣ ಪೊರಕೆಯಿಂದಲೇ ಗುಡಿಸಿ ತೆಗೆಯಿರಿ.

ಗೋಡೆ ವಾಲಿದ್ದರೆ ಅಥವಾ ಆರಪಾರ ಬಿರುಕು ಬಿಟ್ಟಿದ್ದರೆ ತೇಪೆ ಹಾಕಬೇಡಿ. ಆ ಕೋಣೆಯಲ್ಲಿ ಯಾರೂ ಮಲಗದಂತೆ ನೋಡಿಕೊಂಡು ಅನುಭವಸ್ಥ ಗಾರೆ ಕೆಲಸದವರನ್ನು ಕರೆಸಿರಿ.

ಒಣಗಿದೆಯೇ ಎಂದು ಪರೀಕ್ಷಿಸಿ

ಗೋಡೆ ಆರಲು ಹಲವು ವಾರ ಬೇಕು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿದಾಗ ಆದಂತೆ ನೆರೆನೀರು ನಿಂತ ಮನೆಗೆ ಇನ್ನೂ ಹೆಚ್ಚು ಕಾಲ ಬೇಕು. ಒಂದು ಗೇಣು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕು ಅಂಚಿಗೂ ಟೇಪು ಹಾಕಿ. ಮರುದಿನ ಒಳಗಡೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಹಸಿ ಎಂದೇ ಅರ್ಥ.

ತೇಪೆ ಮತ್ತು ಸುಣ್ಣ

ಮಣ್ಣಿನ ಗೋಡೆಗೆ ಮಣ್ಣೇ ಮದ್ದು. ಅದೇ ಬಗೆಯ ಮಣ್ಣಿಗೆ ಹುಲ್ಲಿನ ಚೂರು, ಸಗಣಿ ಸೇರಿಸಿ ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು, ಅರ್ಧ ಅಂಗುಲದ ಪದರಗಳಾಗಿ ಮೆತ್ತಿರಿ. ಒಂದು ಪದರ ಆರಿದ ಮೇಲೆ ಇನ್ನೊಂದು. ಇಟ್ಟಿಗೆ ಗಾರೆಯ ಹಳೆಯ ಗೋಡೆಗಾದರೆ 1 ಪಾಲು ಸುಣ್ಣಕ್ಕೆ 3 ಪಾಲು ಮರಳು. ಮಣ್ಣಿನ ಗೋಡೆಗೆ ಸಿಮೆಂಟು ಗಟ್ಟಿಯೆಂದು ಬಳಿದವರು ಮೋಸಹೋಗುತ್ತಾರೆ. ನೀರು ಒಳಗೇ ಸಿಕ್ಕಿಕೊಂಡು ಸಿಮೆಂಟು ಹಪ್ಪಳದಂತೆ ಕಳಚುತ್ತದೆ.

ಸುಟ್ಟ ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಸಿಡಿದು ಕಣ್ಣಿಗೆ ಅಪಾಯ. ಮಕ್ಕಳನ್ನು ದೂರವಿಡಿ. ಆರಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಸುಣ್ಣ ಬಳಿದ ಗೋಡೆಯಿಂದ ತೇವ ಹೊರಹೋಗುತ್ತದೆ. ಎಣ್ಣೆ ಬಣ್ಣ ಅದನ್ನು ತಡೆಯುತ್ತದೆ.

ದೀಪಾವಳಿಗೆ ಗೋಡೆ ಆರದಿದ್ದರೆ ಚಿಂತೆಯಿಲ್ಲ. ಈಗ ಹೆಂಚು, ಚರಂಡಿ ಸರಿಮಾಡಿ. ಯುಗಾದಿಗೆ ಸುಣ್ಣ ಬಳಿಯಿರಿ.

— ಗ್ರಾಮಸೇವಕ