ವೇಗದ ಕಾರುಗಳು ಮತ್ತು ಹಳೆಯ ಕಾರುಗಳ ವಿಮಾ ವೆಚ್ಚ

ಹೆಚ್ಚು ಶಕ್ತಿಯ ಎಂಜಿನ್ ಹೊಂದಿದ ವೇಗದ ಕಾರುಗಳಿಗೂ, ವಿಂಟೇಜ್ ಅಥವಾ ಕ್ಲಾಸಿಕ್ ಎಂದು ಕರೆಯಲಾಗುವ ಹಳೆಯ ಕಾರುಗಳಿಗೂ ತಗಲುವ ವಿಮಾ ವೆಚ್ಚವು ಸಾಮಾನ್ಯ ಕಾರುಗಳ ವಿಮಾ ವೆಚ್ಚಕ್ಕಿಂತ ಭಿನ್ನವಾಗಿರುತ್ತದೆ. ಭಾರತದಲ್ಲಿ ಈ ಭಿನ್ನತೆಗೆ ಕಾರಿನ ವೇಗವು ನೇರ ಕಾರಣವಲ್ಲ. ಕಾರಿನ ಮೌಲ್ಯವನ್ನು ಹೇಗೆ ನಿಗದಿಪಡಿಸಲಾಗಿದೆ, ಅದರ ದುರಸ್ತಿಗೆ ಎಷ್ಟು ಖರ್ಚಾಗುತ್ತದೆ, ಅದನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತದೆ ಎಂಬ ಅಂಶಗಳೇ ಹೆಚ್ಚು ಮುಖ್ಯವಾಗುತ್ತವೆ. ಹಳೆಯ ಕಾರುಗಳ ವಿಷಯದಲ್ಲಿ ಕಡಿಮೆ ಪ್ರೀಮಿಯಂನ ಪಾಲಿಸಿಯೇ ಕೊನೆಗೆ ಮಾಲೀಕರಿಗೆ ದುಬಾರಿಯಾಗುವುದುಂಟು.

ಮೂರನೇ ವ್ಯಕ್ತಿ ವಿಮೆ

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿಯೊಂದು ಖಾಸಗಿ ಕಾರಿಗೂ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಇದರ ದರವನ್ನು ವಿಮಾ ಕಂಪನಿಗಳಲ್ಲ, ಸರ್ಕಾರವೇ ನಿಗದಿಪಡಿಸುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ದರಗಳಲ್ಲಿ 1000 ಸಿಸಿ ವರೆಗಿನ ಕಾರಿಗೆ ವರ್ಷಕ್ಕೆ ₹2,094, 1000ದಿಂದ 1500 ಸಿಸಿ ವರೆಗೆ ₹3,416, ಅದಕ್ಕಿಂತ ಹೆಚ್ಚಿನದಕ್ಕೆ ₹7,897 ಎಂದು ಗೊತ್ತುಮಾಡಲಾಯಿತು. ಕೊನೆಯ ಹಂತಕ್ಕೆ ಮೇಲ್ಮಿತಿ ಇಲ್ಲದ ಕಾರಣ 1600 ಸಿಸಿಯ ಸಾಧಾರಣ ಕುಟುಂಬದ ಕಾರಿಗೂ 6500 ಸಿಸಿಯ ಲ್ಯಾಂಬೋರ್ಗಿನಿಗೂ ಈ ಭಾಗದಲ್ಲಿ ಒಂದೇ ಮೊತ್ತ. ಬ್ರಿಟನ್ನಿನಲ್ಲಿ ಕಾರುಗಳನ್ನು ಅವುಗಳ ಸಾಮರ್ಥ್ಯ, ಬೆಲೆ ಮತ್ತು ದುರಸ್ತಿ ವೆಚ್ಚಕ್ಕೆ ತಕ್ಕಂತೆ 1ರಿಂದ 50ರ ವರೆಗಿನ ವಿಮಾ ಗುಂಪುಗಳಾಗಿ ವಿಂಗಡಿಸುವ ಕ್ರಮವಿದೆ. ಭಾರತದ ಮೂರನೇ ವ್ಯಕ್ತಿ ದರದಲ್ಲಿ ಅಂತಹ ವಿಂಗಡಣೆ ಇಲ್ಲ. ವಿಂಟೇಜ್ ಎಂದು ನೋಂದಾಯಿತವಾದ ಖಾಸಗಿ ಕಾರಿಗೆ ಮಾತ್ರ 2022ರ ಅಧಿಸೂಚನೆಯು 50% ರಿಯಾಯಿತಿ ನೀಡಿತು.

ಸ್ವಂತ ಹಾನಿ ವಿಮೆ ಮತ್ತು ಕಾರಿನ ಮೌಲ್ಯ

ಅಪಘಾತ, ಬೆಂಕಿ, ಕಳ್ಳತನ ಮುಂತಾದವುಗಳಿಂದ ಕಾರಿಗೇ ಆಗುವ ನಷ್ಟವನ್ನು ಭರಿಸುವ ಭಾಗಕ್ಕೆ ಸ್ವಂತ ಹಾನಿ ವಿಮೆ ಎನ್ನುತ್ತಾರೆ. ಇದರ ದರಗಳನ್ನು 2007ರ ಜನವರಿ 1ರಿಂದ ನಿಯಂತ್ರಣಮುಕ್ತಗೊಳಿಸಲಾಗಿದ್ದು, ಪ್ರತಿ ಕಂಪನಿಯೂ ತನ್ನದೇ ದರವನ್ನು ಹೇಳಬಹುದು. ಲೆಕ್ಕದ ಆಧಾರವು ಐಡಿವಿ, ಅಂದರೆ ಪಾಲಿಸಿಯಲ್ಲಿ ಘೋಷಿಸಲಾದ ಕಾರಿನ ಮೌಲ್ಯ. ತಯಾರಕರ ಮಾರಾಟ ಬೆಲೆಯಿಂದ ಸವಕಳಿಯನ್ನು ಕಳೆದು ಇದನ್ನು ಪಡೆಯಲಾಗುತ್ತದೆ: ಮೊದಲ ಆರು ತಿಂಗಳಿಗೆ 5%, ನಾಲ್ಕರಿಂದ ಐದನೇ ವರ್ಷದ ಹೊತ್ತಿಗೆ 50%. ಐದು ವರ್ಷ ಮೀರಿದ ಕಾರುಗಳಿಗೂ ತಯಾರಿಕೆ ನಿಂತುಹೋದ ಮಾದರಿಗಳಿಗೂ ಕಂಪನಿ ಮತ್ತು ಮಾಲೀಕರು ಮಾತನಾಡಿಕೊಂಡು ಮೌಲ್ಯವನ್ನು ಒಪ್ಪಬೇಕು.

ಹಳೆಯ ಕಾರುಗಳ ತೊಡಕು ಆರಂಭವಾಗುವುದೇ ಇಲ್ಲಿ. ಪ್ರೀಮಿಯಂ ಉಳಿಸಲೆಂದು ಕಡಿಮೆ ಮೌಲ್ಯವನ್ನು ಒಪ್ಪಿಕೊಳ್ಳುವುದು ಸುಲಭ. ಆದರೆ ದುರಸ್ತಿ ವೆಚ್ಚವು ಐಡಿವಿಯ 75% ಮೀರಿದರೆ ಆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ, ₹2 ಲಕ್ಷ ಮೌಲ್ಯ ನಮೂದಿಸಿದ ಹಳೆಯ ಮರ್ಸಿಡಿಸ್ ಕಾರಿನ ಮುಂಭಾಗವು ಜಜ್ಜಿಹೋಗಿ, ಹೊರದೇಶದಿಂದ ಭಾಗಗಳನ್ನು ತರಿಸಲು ₹1.6 ಲಕ್ಷ ಬೇಕಾದರೆ, ದುರಸ್ತಿಯಾಗಬಹುದಾಗಿದ್ದ ಕಾರು ಕಾಗದದ ಮೇಲೆ ಗುಜರಿಯಾಗುತ್ತದೆ. ಮಾರುಕಟ್ಟೆಯಲ್ಲಿ ಅದಕ್ಕೆ ಹತ್ತು ಪಟ್ಟು ಬೆಲೆಯಿದ್ದರೂ ಪರಿಹಾರ ಮಾತ್ರ ₹2 ಲಕ್ಷದ ಮಿತಿಯಲ್ಲೇ ಇರುತ್ತದೆ. ಭಾಗಶಃ ಹಾನಿಯಾದಾಗಲೂ ಹೊರೆ ತಪ್ಪದು: ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಿಗೂ, ಯಾವ ವಯಸ್ಸಿನ ಕಾರಿನದಾದರೂ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೂ ಬೆಲೆಯ ಅರ್ಧದಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ. ಈ ಕಡಿತವನ್ನು ತಪ್ಪಿಸುವ ಶೂನ್ಯ ಸವಕಳಿ ಸೌಲಭ್ಯವು ಸಾಮಾನ್ಯವಾಗಿ ಹೊಸ ಕಾರುಗಳಿಗೆ ಮಾತ್ರ ದೊರೆಯುತ್ತದೆ.

ವಿಂಟೇಜ್ ಎಂಬುದರ ಎರಡು ವ್ಯಾಖ್ಯೆಗಳು

2002ರ ಭಾರತೀಯ ಮೋಟಾರು ಸುಂಕಪಟ್ಟಿಯು 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾಗಿ, ಭಾರತೀಯ ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್ಬಿನಿಂದ ಪ್ರಮಾಣಪತ್ರ ಪಡೆದ ಕಾರನ್ನು ವಿಂಟೇಜ್ ಎಂದು ಕರೆಯಿತು. ಅಂತಹ ಕಾರಿಗೆ ಸ್ವಂತ ಹಾನಿ ಪ್ರೀಮಿಯಂನಲ್ಲಿ 25% ರಿಯಾಯಿತಿಯಿತ್ತು. ಮುಂಚೆಯೇ ಒಪ್ಪಿದ ಮೊತ್ತವನ್ನು ಸವಕಳಿಯಿಲ್ಲದೆ ನೀಡುವ ಒಪ್ಪಿತ ಮೌಲ್ಯದ ಪಾಲಿಸಿಗೂ ಅವಕಾಶವಿತ್ತು.

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮಗಳ ವ್ಯಾಖ್ಯೆ ಬೇರೆ. ಅವುಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿಸ್, ಹೊರಕವಚ ಮತ್ತು ಎಂಜಿನ್‌ಗಳು ಮೂಲರೂಪದಲ್ಲೇ ಇರುವ ವಾಹನವು ವಿಂಟೇಜ್. ಹೊಸ ನೋಂದಣಿಗೆ ₹20,000, ಮರುನೋಂದಣಿಗೆ ₹5,000 ಶುಲ್ಕವಿದ್ದು, ನೋಂದಣಿಯು ಹತ್ತು ವರ್ಷ ಊರ್ಜಿತವಾಗಿರುತ್ತದೆ. ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೀಗಾಗಿ 1960ರ ದಶಕದ ಒಂದು ಅಂಬಾಸಡರ್ ಸಾರಿಗೆ ನಿಯಮದಂತೆ ವಿಂಟೇಜ್ ಆಗಬಹುದು, ಹಳೆಯ ಸುಂಕಪಟ್ಟಿಯ ಪ್ರಕಾರ ಆಗದು. ಪಾಲಿಸಿ ಕೊಳ್ಳುವಾಗ ಕಂಪನಿಯು ಯಾವ ವ್ಯಾಖ್ಯೆಯನ್ನು ಅನುಸರಿಸುತ್ತದೆ ಎಂದು ಕೇಳಿ ತಿಳಿಯುವುದು ಅಗತ್ಯ.

ವೇಗದ ಕಾರುಗಳು

ವೇಗದ ಕಾರಿನ ಪ್ರೀಮಿಯಂ ಏರುವುದು ಮುಖ್ಯವಾಗಿ ಅದರ ಐಡಿವಿಯ ಗಾತ್ರದಿಂದ. ಆಮದಾದ ಬಿಡಿಭಾಗಗಳು, ಕಾರ್ಬನ್ ಫೈಬರ್ ಕವಚ, ಬೆರಳೆಣಿಕೆಯ ಅಧಿಕೃತ ದುರಸ್ತಿ ಕೇಂದ್ರಗಳು ಇದಕ್ಕೆ ಸೇರಿಕೊಳ್ಳುತ್ತವೆ. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ದೊರೆಯುವ ನೋ ಕ್ಲೇಮ್ ಬೋನಸ್ 20%ರಿಂದ ಆರಂಭವಾಗಿ 50% ವರೆಗೆ ಏರುವುದರಿಂದ, ದುಬಾರಿ ಕಾರುಗಳ ಮಾಲೀಕರು ಸಣ್ಣಪುಟ್ಟ ಗೀರುಗಳಿಗೆ ಕ್ಲೇಮ್ ಮಾಡದಿರುವುದು ಸಾಮಾನ್ಯ.

ಎಂಜಿನ್ನಿನ ಶಕ್ತಿ ಹೆಚ್ಚಿಸುವುದು, ಎಕ್ಸಾಸ್ಟ್ ಬದಲಿಸುವುದು ಮೊದಲಾದ ಮಾರ್ಪಾಡುಗಳು ಪ್ರತ್ಯೇಕ ಸಮಸ್ಯೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ತಿಳಿಸದೆ ಮಾಡಿದ ಮಾರ್ಪಾಡು ಕ್ಲೇಮ್ ತಿರಸ್ಕಾರಕ್ಕೆ ದಾರಿಮಾಡಿಕೊಡಬಹುದು. ಸಂಘಟಿತ ಓಟದ ಸ್ಪರ್ಧೆ ಮತ್ತು ವೇಗ ಪರೀಕ್ಷೆಗಳು ಸಾಮಾನ್ಯ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ರ‍್ಯಾಲಿಯಲ್ಲಿ ಭಾಗವಹಿಸಲು ಸುಂಕಪಟ್ಟಿಯು 31ನೇ ಸಂಖ್ಯೆಯ ವಿಶೇಷ ಅನುಬಂಧವನ್ನು ರೂಪಿಸಿತ್ತು.

ಸ್ಥಳ ಮತ್ತು ಬಳಕೆ

ಸುಂಕಪಟ್ಟಿಯು ದೇಶವನ್ನು ಎರಡು ವಲಯಗಳಾಗಿ ವಿಂಗಡಿಸಿತು. ಬೆಂಗಳೂರು ಸೇರಿದಂತೆ ಎಂಟು ಮಹಾನಗರಗಳು ‘ಎ’ ವಲಯ, ಉಳಿದ ಭಾಗವೆಲ್ಲ ‘ಬಿ’ ವಲಯ. ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯ ಮಾಲೀಕರು ಹಾಸನದಲ್ಲಿ ಕೆಎ-13 ಸಂಖ್ಯೆಯಡಿ ನೋಂದಾಯಿಸಿದ ಕಾರು ‘ಬಿ’ ವಲಯಕ್ಕೆ ಸೇರುತ್ತದೆ. 1500 ಸಿಸಿ ಮೀರಿದ, ಐದು ವರ್ಷದೊಳಗಿನ ಕಾರಿಗೆ ಸುಂಕಪಟ್ಟಿಯ ದರವು ‘ಎ’ ವಲಯದಲ್ಲಿ ಐಡಿವಿಯ 3.447%, ‘ಬಿ’ ವಲಯದಲ್ಲಿ 3.351% ಆಗಿತ್ತು. ₹50 ಲಕ್ಷದ ಕಾರಿಗೆ ಇದರಿಂದ ಉಳಿಯುವುದು ₹4,800.

ಈ ಉಳಿತಾಯಕ್ಕೆ ಎದುರಾಗಿ ನಿಲ್ಲುವ ಖರ್ಚುಗಳೂ ಇವೆ. ಅಪಘಾತದ ಸ್ಥಳದಿಂದ ಕಾರನ್ನು ಸಾಗಿಸಲು ಸಾಮಾನ್ಯ ಪಾಲಿಸಿ ಕೊಡುತ್ತಿದ್ದುದು ಗರಿಷ್ಠ ₹1,500. ನೆಲಕ್ಕೆ ತಾಗುವಂತಿರುವ ವೇಗದ ಕಾರನ್ನು ಹಾಸನದಿಂದ ಸುಮಾರು 185 ಕಿ.ಮೀ. ದೂರದ ಬೆಂಗಳೂರಿಗೆ ಲಾರಿಯ ಮೇಲೆ ಒಯ್ಯಲು ಅದು ಏನೇನೂ ಸಾಲದು. ರಸ್ತೆ ನೆರವಿನ ಹೆಚ್ಚುವರಿ ಸೌಲಭ್ಯ ಬೇಕಾಗುತ್ತದೆ. ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಭಾಗಶಃ ಮುಳುಗುವ ಹಳೆಯ ಚರ್ಚನ್ನು ನೋಡಲು ಬರುವವರು ಕೆಲವೊಮ್ಮೆ ಕಾರನ್ನು ನೀರಂಚಿನವರೆಗೂ ಇಳಿಸುತ್ತಾರೆ. ಎಂಜಿನ್ನಿಗೆ ನೀರು ನುಗ್ಗಿದ ಮೇಲೆ ಅದನ್ನು ಚಾಲೂ ಮಾಡಿ ಆಗುವ ಹಾನಿಯನ್ನು ಪರಿಣಾಮಜನ್ಯ ನಷ್ಟವೆಂದು ಪರಿಗಣಿಸುವುದರಿಂದ, ಎಂಜಿನ್ ರಕ್ಷಣೆಯ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ.

‘ವಿಎ’ ಸಂಖ್ಯೆಯ ಕಾರಿನ ಮಾಲೀಕರಿಗೆ ಇನ್ನೊಂದು ನಿರ್ಬಂಧವಿದೆ. ಅದನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗೆ ತರಬಹುದು. ವಾರಾಂತ್ಯದ ಸುತ್ತಾಟವಾಗಲಿ ಮದುವೆ ದಿಬ್ಬಣದ ಬಾಡಿಗೆಯಾಗಲಿ ಈ ಪಟ್ಟಿಯಲ್ಲಿಲ್ಲ. ಅಂತಹ ಪ್ರಯಾಣದಲ್ಲಿ ಅಪಘಾತವಾದರೆ ಬಳಕೆಯ ಷರತ್ತು ಮುರಿದಿದೆ ಎಂದು ಕಂಪನಿ ತಕರಾರು ತೆಗೆಯಲು ಅವಕಾಶವಿರುತ್ತದೆ. ಆಗಾಗ ಓಡಿಸುವ ಉದ್ದೇಶವುಳ್ಳ ಕೆಲವು ಮಾಲೀಕರು ಮೂರನೇ ವ್ಯಕ್ತಿ ವಿಮೆಯ ಅರ್ಧ ರಿಯಾಯಿತಿಯನ್ನು ಬಿಟ್ಟು, ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದಕ್ಕೆ ಇದು ಒಂದು ಕಾರಣ.